ಹಾಡಿನಲ್ಲಿ ಎರವಲು: ಹಿಪ್‌ಹಾಪ್ ಮತ್ತು ನಮ್ಮ ನಾಟಕದ ಮಟ್ಟುಗಳು

ಸಂಘದ ವಾರ್ಷಿಕ ಸ್ಮರಣಸಂಚಿಕೆಯನ್ನು ತಿರುವಿಹಾಕುವ ಓದುಗರಿಗೆ ರಕ್ತದೊತ್ತಡ, ಮಧುಮೇಹ, ಮಂಡಿನೋವುಗಳನ್ನು ಕುರಿತು ನಮ್ಮ ವೈದ್ಯ ಸದಸ್ಯರು ಬರೆಯುವ ಲೇಖನಗಳು ಚಿರಪರಿಚಿತವಾದವು. ಅವುಗಳ ನಡುವೆ ಬ್ಯಾಂಕಿನ ಅಧಿಕಾರಿಯೊಬ್ಬನು ಹಿಪ್‌ಹಾಪ್ ಎಂಬ ಸಂಗೀತವನ್ನು ಕುರಿತು ಬರೆಯಹೊರಟಿರುವುದು ವಿಚಿತ್ರವಾಗಿ ತೋರಬಹುದು. ವಾಣಿಜ್ಯ ಪದವೀಧರನಾದ ನನಗೆ ಸಂಗೀತಶಾಸ್ತ್ರದಲ್ಲಿ ಯಾವ ಅಧಿಕಾರವೂ ಇಲ್ಲ. ಆದರೆ ಸಾಲ, ಸಾಲದ ದಾಖಲೆ, ಸಾಲದ ಮರುಪಾವತಿ ಇವು ನನ್ನ ನಿತ್ಯದ ಕಸುಬು. ಈ ಹೊಸ ಸಂಗೀತದ ಸುತ್ತ ನಡೆದಿರುವ ಜಗಳಗಳನ್ನು ಓದುತ್ತ ಹೋದಂತೆ ಅವೂ ಬಹುಮಟ್ಟಿಗೆ ಇದೇ ವ್ಯವಹಾರವೆಂಬುದು ನನಗೆ ಮನದಟ್ಟಾಯಿತು.

ಓದಿಗೆ ಕಾರಣವಾದ ಪ್ರಸಂಗವನ್ನು ಮೊದಲು ಹೇಳಬೇಕು. ಕಳೆದ ವರ್ಷದ ನಮ್ಮ ರಾಜ್ಯೋತ್ಸವ ಸಮಾರಂಭದಲ್ಲಿ ಕಾಲೇಜಿನಲ್ಲಿ ಓದುತ್ತಿರುವ ನನ್ನ ಮಗನು ಮೂರು ನಿಮಿಷಗಳ ಒಂದು ರ‍್ಯಾಪ್ ಹಾಡನ್ನು ಪ್ರಸ್ತುತಪಡಿಸಿದನು. ಮಾತುಗಳು ಅವನವೇ. ಹಿನ್ನೆಲೆಯಲ್ಲಿ ಮಾತ್ರ ಅವನ ಅಜ್ಜಿಯ, ಅಂದರೆ ನನ್ನ ತಾಯಿಯ, ದನಿಯಿತ್ತು. ಗದಗ ಜಿಲ್ಲೆಯ ರೋಣದ ಕಡೆಯ ಹಳ್ಳಿಯಲ್ಲಿ ಬೆಳೆದ ಅವರು ಎಳವೆಯಲ್ಲಿ ಕಲಿತ ಬೀಸುವ ಕಲ್ಲಿನ ಪದವೊಂದನ್ನು ನಾಗಪುರದ ನಮ್ಮ ಅಡುಗೆಮನೆಯಲ್ಲಿ ಗುನುಗುತ್ತಿದ್ದಾಗ ಅವನು ಅದನ್ನು ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡಿದ್ದನು. ಆ ಪದದ ಒಂದೂವರೆ ಸಾಲನ್ನು ಕತ್ತರಿಸಿ, ಮತ್ತೆ ಮತ್ತೆ ಬರುವಂತೆ ಜೋಡಿಸಿ, ಕೆಳಗೆ ಡ್ರಮ್ಮಿನ ಪೆಟ್ಟನ್ನು ಸೇರಿಸಿದ್ದನು. ಹುಡುಗರು ಚಪ್ಪಾಳೆ ತಟ್ಟಿದರು. ಊಟದ ಪಂಕ್ತಿಯಲ್ಲಿ ಹಿರಿಯ ಸದಸ್ಯರೊಬ್ಬರು, “ಇದು ಹಾಡೋ ಕಳವೋ, ನೀವೇ ಹೇಳಿರಿ. ಅಜ್ಜಿಯ ಪದವನ್ನು ತುಂಡು ಮಾಡಿ ತನ್ನದೆಂದು ಹಾಡಿದರೆ ಅದನ್ನು ಏನೆನ್ನಬೇಕು?” ಎಂದು ನನ್ನನ್ನು ಕೇಳಿದರು. ಅವರ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ನನ್ನ ತಾಯಿಯೂ ಮನೆ ತಲುಪುವವರೆಗೆ ಮಾತನಾಡಲಿಲ್ಲ. ಅವರ ಅಸಮಾಧಾನದ ಕಾರಣ ಬೇರೆಯೇ ಆಗಿತ್ತೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಮಗನು ಮಾಡಿದ ಕೆಲಸಕ್ಕೆ ಸ್ಯಾಂಪ್ಲಿಂಗ್ ಎಂದು ಹೆಸರು. ಸ್ಯಾಂಪಲ್ ಎಂಬ ಮಾತು ನಮಗೆ ಹೊಸದಲ್ಲ. ರೋಗಪರೀಕ್ಷೆಯ ಪ್ರಯೋಗಾಲಯದಲ್ಲಿ ತೋಳಿನಿಂದ ತೆಗೆಯುವ ರಕ್ತವು ಸ್ಯಾಂಪಲ್ಲು. ಇತವಾರಿ ಪೇಟೆಯ ದಲಾಲನು ಅಂಗೈಮೇಲೆ ಹರಡಿ ತೋರಿಸುವ ಹಿಡಿ ಅಕ್ಕಿಯೂ ಸ್ಯಾಂಪಲ್ಲು. ಲೆಕ್ಕಪರಿಶೋಧಕರು ಸಾವಿರ ವೋಚರುಗಳಲ್ಲಿ ಐವತ್ತನ್ನು ಆರಿಸಿ ನೋಡುವುದನ್ನೂ ನಾವು ಹಾಗೆಯೇ ಕರೆಯುತ್ತೇವೆ. ಸಂಗೀತದ ಸ್ಯಾಂಪಲ್ಲು ಇವುಗಳಿಂದ ಒಂದು ಅಂಶದಲ್ಲಿ ಭಿನ್ನವಾದುದು. ಪರೀಕ್ಷೆ ಮುಗಿದೊಡನೆ ರಕ್ತವನ್ನು ಚೆಲ್ಲಿಬಿಡುತ್ತಾರೆ. ಇಲ್ಲಿ ತೆಗೆದ ಹನಿಯನ್ನೇ ಹೊಸ ದೇಹಕ್ಕೆ ಸೇರಿಸಲಾಗುತ್ತದೆ. ಮೊದಲೇ ಧ್ವನಿಮುದ್ರಿತವಾದ ಯಾವುದೋ ಹಾಡಿನ ಒಂದು ತುಣುಕನ್ನು ಯಥಾವತ್ತಾಗಿ ತೆಗೆದು, ಅದರ ವೇಗವನ್ನೋ ಶ್ರುತಿಯನ್ನೋ ಬದಲಿಸಿ, ಹೊಸ ಹಾಡಿನ ಅಂಗವನ್ನಾಗಿ ಮಾಡುವುದೇ ಈ ಕ್ರಮ.

ಇದರ ಮೂಲವನ್ನು ಅರಸಿದರೆ ನಮ್ಮಂತೆಯೇ ಊರು ಬಿಟ್ಟು ಬಂದವನೊಬ್ಬನು ಎದುರಾಗುತ್ತಾನೆ. ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ ಹುಟ್ಟಿ, ಹನ್ನೆರಡರ ಪ್ರಾಯದಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಭಾಗಕ್ಕೆ ಬಂದು ನೆಲೆಸಿದ ಕ್ಲೈವ್ ಕ್ಯಾಂಪ್‌ಬೆಲ್ ಎಂಬ ಯುವಕನು ‘ಡಿಜೆ ಕೂಲ್ ಹರ್ಕ್’ ಎಂಬ ಹೆಸರಿನಿಂದ ಪ್ರಸಿದ್ಧನಾದನು. 1973ರ ಆಗಸ್ಟ್ 11ರಂದು, ಸೆಜ್‌ವಿಕ್ ಅವೆನ್ಯೂದ 1520ನೆಯ ಸಂಖ್ಯೆಯ ವಸತಿ ಕಟ್ಟಡದ ಸಭಾಕೋಣೆಯಲ್ಲಿ ಅವನ ತಂಗಿ ಏರ್ಪಡಿಸಿದ್ದ ಔತಣಕೂಟವನ್ನೇ ಹಿಪ್‌ಹಾಪ್‌ನ ಜನ್ಮದಿನವೆಂದು ಆಚರಿಸುವುದು ವಾಡಿಕೆಯಾಗಿದೆ. ಹರ್ಕನು ಗಮನಿಸಿದ ಸಂಗತಿ ಸರಳವಾದುದು. ಹಾಡಿನ ನಡುವೆ ಗಾಯನವೂ ಇತರ ವಾದ್ಯಗಳೂ ನಿಂತು ಬರಿಯ ತಾಳವಾದ್ಯ ಕೇಳಿಸುವ ಕೆಲವು ಕ್ಷಣಗಳಿಗಾಗಿಯೇ ಕುಣಿಯುವವರು ಕಾಯುತ್ತಿದ್ದರು. ಅವನು ಒಂದೇ ಹಾಡಿನ ಎರಡು ಪ್ಲೇಟುಗಳನ್ನು ಎರಡು ಯಂತ್ರಗಳ ಮೇಲಿಟ್ಟು, ಒಂದರಲ್ಲಿ ಆ ಭಾಗ ಮುಗಿಯುತ್ತಿದ್ದಂತೆ ಇನ್ನೊಂದರಲ್ಲಿ ಅದೇ ಭಾಗವನ್ನು ಆರಂಭಿಸುತ್ತಿದ್ದನು. ಹತ್ತು ಸೆಕೆಂಡಿನ ತಾಳವು ಹತ್ತು ನಿಮಿಷಕ್ಕೆ ಬೆಳೆಯುತ್ತಿತ್ತು. ಭಜನೆಯಲ್ಲಿ ಕೊನೆಯ ಸಾಲನ್ನು ಹಿಡಿದು ತಾಳ ಏರಿಸುತ್ತ ಹೋಗುವವರಿಗೆ ಈ ಸುಖ ತಿಳಿಯದ್ದಲ್ಲ.

ಆ ಬಡಾವಣೆಯ ಹುಡುಗರಲ್ಲಿ ಪಿಯಾನೋ ಇರಲಿಲ್ಲ, ವಾದ್ಯವೃಂದವಿರಲಿಲ್ಲ. ಮನೆಯಲ್ಲಿ ತಂದೆತಾಯಿಗಳು ಕೊಂಡಿಟ್ಟ ಹಳೆಯ ಪ್ಲೇಟುಗಳಿದ್ದವು. ಇದ್ದುದನ್ನೇ ವಾದ್ಯವನ್ನಾಗಿ ಮಾಡಿಕೊಂಡರು. 1980ರ ದಶಕದಲ್ಲಿ ಕೈಯ ಕೆಲಸವನ್ನು ಯಂತ್ರಗಳು ವಹಿಸಿಕೊಂಡವು. 1987ರಲ್ಲಿ ಬಂದ ಎಸ್‌ಪಿ-1200 ಎಂಬ ಯಂತ್ರವು ಶಬ್ದವನ್ನು ಸೆಕೆಂಡಿಗೆ ಸುಮಾರು 26,000 ಬಾರಿ ಅಳೆದು ಅಂಕಿಗಳಾಗಿ ಬರೆದಿಟ್ಟುಕೊಳ್ಳುತ್ತಿತ್ತು. ಅದರ ನೆನಪಿನ ಸಾಮರ್ಥ್ಯ ಒಟ್ಟು ಹತ್ತು ಸೆಕೆಂಡುಗಳಷ್ಟು ಮಾತ್ರ! ಆದುದರಿಂದ ಕಲಾವಿದರು 33ರ ವೇಗದ ಪ್ಲೇಟನ್ನು 45ರ ವೇಗದಲ್ಲಿ ಓಡಿಸಿ, ಶಬ್ದವನ್ನು ಸಂಕ್ಷೇಪಿಸಿ ತುಂಬಿ, ಒಳಗೆ ಹೋದ ಮೇಲೆ ಮತ್ತೆ ನಿಧಾನಗೊಳಿಸುತ್ತಿದ್ದರು. ಅದರಿಂದ ಹುಟ್ಟಿದ ಒರಟು ನಾದವನ್ನೇ ಮುಂದಿನವರು ಆ ಕಾಲದ ಸೊಬಗೆಂದು ಮೆಚ್ಚಿಕೊಂಡರು. ಇಂದು ಅದೇ ಕೆಲಸವನ್ನು ನನ್ನ ಮಗನ ಮೊಬೈಲು ಸದ್ದಿಲ್ಲದೆ ಮಾಡುತ್ತದೆ.

ಇಲ್ಲಿಯವರೆಗೆ ಕಥೆ ಆನಂದದಾಯಕವಾದುದೇ. ಆದರೆ ಯಾವ ಪ್ಲೇಟಿನಿಂದ ತುಣುಕನ್ನು ತೆಗೆದರೋ ಆ ಪ್ಲೇಟಿನಲ್ಲಿ ಬಾರಿಸಿದವನ ಗತಿಯೇನು?

ಜೇಮ್ಸ್ ಬ್ರೌನ್ ಎಂಬ ಪ್ರಖ್ಯಾತ ಗಾಯಕನ ತಂಡದಲ್ಲಿ ಕ್ಲೈಡ್ ಸ್ಟಬಲ್‌ಫೀಲ್ಡ್ ಎಂಬ ಡ್ರಮ್ ವಾದಕನಿದ್ದನು. 1969ರಲ್ಲಿ ಮುದ್ರಿತವಾಗಿ ಮರುವರ್ಷ ಹೊರಬಂದ ‘ಫಂಕಿ ಡ್ರಮ್ಮರ್’ ಎಂಬ ಹಾಡಿನಲ್ಲಿ ಅವನು ಬಾರಿಸಿದ ಕೆಲವು ಆವರ್ತನಗಳನ್ನು ಮುಂದೆ ನೂರಾರು ಹಿಪ್‌ಹಾಪ್ ಹಾಡುಗಳು ತೆಗೆದುಕೊಂಡವು. ಪಬ್ಲಿಕ್ ಎನಿಮಿ ತಂಡದ 1989ರ ‘ಫೈಟ್ ದ ಪವರ್’ ಅವುಗಳಲ್ಲೊಂದು. ಹಾಡಿನ ರಚನಕಾರನೆಂದು ದಾಖಲೆಯಲ್ಲಿದ್ದುದು ಬ್ರೌನನ ಹೆಸರು. ಡ್ರಮ್ಮಿನ ಪೆಟ್ಟನ್ನು ರಚನೆಯೆಂದು ಯಾರೂ ಎಣಿಸಲಿಲ್ಲವಾಗಿ, 2017ರಲ್ಲಿ ತೀರಿಕೊಂಡ ಸ್ಟಬಲ್‌ಫೀಲ್ಡನಿಗೆ ಆ ಎರವಲುಗಳ ರಾಯಧನವು ಹಕ್ಕಾಗಿ ದೊರೆಯಲಿಲ್ಲ. ಇನ್ನೊಬ್ಬನ ಕಥೆ ಇದಕ್ಕಿಂತ ಹೃದಯವಿದ್ರಾವಕವಾದುದು. ವಿನ್‌ಸ್ಟನ್ಸ್ ಎಂಬ ತಂಡವು 1969ರಲ್ಲಿ ಹೊರತಂದ ಪ್ಲೇಟಿನ ಹಿಂಬದಿಯಲ್ಲಿದ್ದ ‘ಅಮೆನ್, ಬ್ರದರ್’ ಎಂಬ ಹಾಡಿನಲ್ಲಿ ಗ್ರೆಗರಿ ಕೋಲ್ಮನ್ ಬಾರಿಸಿದ ಆರೇಳು ಸೆಕೆಂಡುಗಳ ಡ್ರಮ್ ವಾದನವು ಜಗತ್ತಿನಲ್ಲೇ ಅತಿ ಹೆಚ್ಚು ಎರವಲು ಹೋದ ತುಣುಕುಗಳಲ್ಲೊಂದು. ಇಂಗ್ಲೆಂಡಿನಲ್ಲಿ ಒಂದು ಇಡೀ ಸಂಗೀತಪ್ರಕಾರವೇ ಅದರ ಮೇಲೆ ನಿಂತಿದೆ. ಕೋಲ್ಮನ್ 2006ರಲ್ಲಿ ಅಟ್ಲಾಂಟಾ ನಗರದಲ್ಲಿ ಮನೆಮಾರಿಲ್ಲದೆ ತೀರಿಕೊಂಡನು. ಸಂಗೀತಾಭಿಮಾನಿಗಳು ಚಂದಾ ಎತ್ತಿ ಆ ತಂಡದ ನಾಯಕ ರಿಚರ್ಡ್ ಸ್ಪೆನ್ಸರನಿಗೆ ಸುಮಾರು 24,000 ಪೌಂಡುಗಳನ್ನು ಒಪ್ಪಿಸಿದ್ದು 2015ರಲ್ಲಿ. ಅಷ್ಟರಲ್ಲಿ ಬಾರಿಸಿದ ಕೈ ಇಲ್ಲವಾಗಿ ಒಂಬತ್ತು ವರ್ಷಗಳಾಗಿದ್ದವು.

ನ್ಯಾಯಾಲಯಗಳು ನಡುವೆ ಬಂದದ್ದು ಡ್ರಮ್ ವಾದಕರ ಸಲುವಾಗಿ ಅಲ್ಲ, ಹಕ್ಕುಗಳನ್ನು ಹೊಂದಿದ್ದ ಕಂಪನಿಗಳ ಮತ್ತು ರಚನಕಾರರ ಸಲುವಾಗಿ. 1991ರಲ್ಲಿ ಬಿಜ್ ಮಾರ್ಕಿ ಎಂಬ ರ‍್ಯಾಪ್ ಗಾಯಕನು ಗಿಲ್ಬರ್ಟ್ ಓ’ಸಲಿವನ್‌ನ ಹಾಡೊಂದರ ತುಣುಕನ್ನು ಅನುಮತಿಯಿಲ್ಲದೆ ಬಳಸಿದನೆಂಬ ಮೊಕದ್ದಮೆಯಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶರು ತಮ್ಮ ತೀರ್ಪನ್ನು ಕಳವು ಮಾಡಬಾರದೆಂಬ ಬೈಬಲಿನ ಆಜ್ಞೆಯಿಂದಲೇ ಆರಂಭಿಸಿದರು. ಗಾಯಕನು ತನ್ನ ಮುಂದಿನ ಸಂಪುಟಕ್ಕೆ ‘ಎಲ್ಲ ಸ್ಯಾಂಪಲ್ಲುಗಳಿಗೂ ಅನುಮತಿ ಪಡೆಯಲಾಗಿದೆ’ ಎಂಬ ಅರ್ಥದ ಶೀರ್ಷಿಕೆಯನ್ನಿಟ್ಟು ಸೇಡು ತೀರಿಸಿಕೊಂಡನು. 2005ರ ಇನ್ನೊಂದು ಮೇಲ್ಮನವಿಯ ತೀರ್ಪು ಎರಡು ಸೆಕೆಂಡಿನ ಗಿಟಾರ್ ನಾದಕ್ಕೂ ಪರವಾನಗಿ ಬೇಕೆಂದಿತು. 2016ರಲ್ಲಿ ಅಮೆರಿಕದ್ದೇ ಬೇರೊಂದು ಮೇಲ್ಮನವಿ ನ್ಯಾಯಾಲಯವು, ಸೆಕೆಂಡಿನ ಕಾಲು ಭಾಗಕ್ಕೂ ಕಡಿಮೆಯಾದ ತುತ್ತೂರಿಯ ದನಿಗೆ ಅದು ಬೇಡವೆಂದಿತು. ಒಂದೇ ದೇಶದಲ್ಲಿ ಎರಡು ಬಡ್ಡಿದರ!

ಎರವಲಿನ ಈ ದಾರಿ ಭಾರತಕ್ಕೂ ಬಂದಿದೆ. 1981ರ ‘ಜ್ಯೋತಿ’ ಎಂಬ ಹಿಂದಿ ಚಿತ್ರಕ್ಕಾಗಿ ಬಪ್ಪಿ ಲಾಹಿರಿಯವರು ಸಂಯೋಜಿಸಿ ಲತಾ ಮಂಗೇಶ್ಕರರು ಹಾಡಿದ ಗೀತೆಯೊಂದರ ತುಣುಕು 2002ರಲ್ಲಿ ‘ಅಡಿಕ್ಟಿವ್’ ಎಂಬ ಅಮೆರಿಕದ ಹಾಡಿನಲ್ಲಿ ಉದ್ದಕ್ಕೂ ಕೇಳಿಸಿತು. ಹಾಡು ಅಲ್ಲಿಯ ಮೊದಲ ಹತ್ತು ಜನಪ್ರಿಯ ಗೀತೆಗಳ ಪಟ್ಟಿಯನ್ನೇರಿತು. ದೂರದರ್ಶನದಲ್ಲಿ ಬಂದ ಚಿತ್ರದಿಂದ ನಿರ್ಮಾಪಕನು ಅದನ್ನು ಹಿಡಿದುಕೊಂಡಿದ್ದನು. ಪ್ಲೇಟಿನ ಹೊದಿಕೆಯ ಮೇಲೆ ಲಾಹಿರಿಯವರ ಹೆಸರಿರಲಿಲ್ಲ. ಅವರ ಹೆಸರನ್ನು ನಮೂದಿಸದೆ ಮಾರಾಟ ಮಾಡಕೂಡದೆಂದು 2003ರಲ್ಲಿ ಲಾಸ್ ಏಂಜಲಿಸ್‌ನ ನ್ಯಾಯಾಲಯವು ತಡೆಯಾಜ್ಞೆ ನೀಡಿತು. ವಿಪರ್ಯಾಸವೆಂದರೆ ಲಾಹಿರಿಯವರ ಮೇಲೂ ವಿದೇಶೀ ಹಾಡುಗಳಿಂದ ಎತ್ತಿಕೊಂಡ ಆಪಾದನೆಗಳು ಇದ್ದವು. ಸಾಲಗಾರನೂ ಸಾಲಿಗನೂ ಒಬ್ಬನೇ ಆಗಿರುವುದು ನಮ್ಮ ಬ್ಯಾಂಕಿನಲ್ಲೂ ಅಪರೂಪವಲ್ಲ.

ಲಾಹಿರಿಯವರ ಮೊಕದ್ದಮೆಯಲ್ಲಿ ನನ್ನ ಲಕ್ಷ್ಯವನ್ನು ಸೆಳೆದದ್ದು ಹಣದ ಮೊತ್ತಕ್ಕಿಂತ ಹೆಚ್ಚಾಗಿ ಹೊದಿಕೆಯ ಮೇಲೆ ಇಲ್ಲದಿದ್ದ ಆ ಒಂದು ಸಾಲು. ಏಕೆಂದರೆ ಅಂಥ ಸಾಲನ್ನು ನಾನು ಬಾಲ್ಯದಲ್ಲಿ ನೋಡಿದ್ದೆ. ನಮ್ಮ ಅಜ್ಜನ ಪೆಟ್ಟಿಗೆಯಲ್ಲಿ ಕಂಪನಿ ನಾಟಕಗಳ ಪದಗಳ ತೆಳ್ಳನೆಯ ಪುಸ್ತಿಕೆಗಳಿದ್ದವು. ಪ್ರತಿಯೊಂದು ಪದದ ನೆತ್ತಿಯ ಮೇಲೆ ರಾಗ, ತಾಳಗಳ ಜೊತೆಗೆ ‘ಮಟ್ಟು’ ಎಂದೋ ‘ಧಾಟಿ’ ಎಂದೋ ಅಚ್ಚಾಗಿ, ಮುಂದೆ ಬೇರೊಂದು ಹಾಡಿನ ಮೊದಲ ಮಾತುಗಳಿರುತ್ತಿದ್ದವು. ಅದು ಕೆಲವೊಮ್ಮೆ ಮರಾಠಿ ನಾಟಕದ ಪದ, ಕೆಲವೊಮ್ಮೆ ಹಿಂದಿಯದು, ಕೆಲವೊಮ್ಮೆ ದಾಸರ ಪದ. ‘ಈ ಹಾಡಿನ ಮಾತು ನನ್ನದು, ದಾರಿ ಇಂಥದರದು’ ಎಂದು ಕವಿ ತಾನಾಗಿಯೇ ಬರೆದುಕೊಟ್ಟ ಚೀಟಿ ಅದು. ನಟನಿಗೂ ಪೇಟಿ ಮಾಸ್ತರನಿಗೂ ಹಾಡನ್ನು ಎತ್ತಿಕೊಳ್ಳಲು ಅನುಕೂಲವಾಗಲೆಂಬುದೇ ಅದರ ಮೊದಲ ಉದ್ದೇಶವಿದ್ದಿರಬೇಕು. ಆದರೂ ಕಿರ್ದಿಯಲ್ಲಿ ಸಾಲವು ಸಾಲವೆಂದೇ ದಾಖಲಾಗುತ್ತಿತ್ತು.

ಮರಾಠಿಯಲ್ಲಿ ಈ ಸಾಲಿಗೆ ‘ಚಾಲ್’ ಎಂದು ಹೆಸರು. ಇಲ್ಲಿ ಕನ್ನಡಿಗರೂ ಮರಾಠಿಗರೂ ಪರಸ್ಪರ ಕೊಟ್ಟು ತೆಗೆದುಕೊಂಡ ಲೆಕ್ಕವನ್ನು ತುಸು ವಿಸ್ತಾರವಾಗಿ ಹೇಳಲೇಬೇಕು. ಮಹಾರಾಷ್ಟ್ರದಲ್ಲಿ ಬಾಳುವ ನಮಗೆ ಅದು ತಿಳಿದಿರಬೇಕಾದುದು. ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರದ ಸಮೀಪದ ಕರ್ಕಿಯ ಭಾಗವತ ಮೇಳವೊಂದು 1842ರಲ್ಲಿ ಸಾಂಗ್ಲಿಯ ಸಂಸ್ಥಾನಾಧಿಪತಿ ಚಿಂತಾಮಣರಾವ್ ಪಟವರ್ಧನರ ಮುಂದೆ ಆಟವಾಡಿತು. ಅದನ್ನು ಕಂಡ ದೊರೆಯು ಮರಾಠಿಯಲ್ಲೂ ಇಂಥದೊಂದು ಆಗಬೇಕೆಂದು ತಮ್ಮ ಆಶ್ರಿತ ವಿಷ್ಣುದಾಸ ಭಾವೆಯವರಿಗೆ ಸೂಚಿಸಿದರು. 1843ರ ನವೆಂಬರ್ 5ರಂದು ಭಾವೆಯವರ ‘ಸೀತಾಸ್ವಯಂವರ’ ರಂಗಕ್ಕೆ ಬಂದಿತು. ಇಂದಿಗೂ ಮರಾಠಿ ರಂಗಭೂಮಿ ದಿನವನ್ನು ಆಚರಿಸುವುದು ನವೆಂಬರ್ 5ರಂದೇ. ನಮ್ಮ ರಾಜ್ಯೋತ್ಸವಕ್ಕೆ ನಾಲ್ಕೇ ದಿನಗಳ ತರುವಾಯ. ಕರ್ಕಿಯ ಮೇಳದ ಋಣವನ್ನು ಮರಾಠಿ ರಂಗಭೂಮಿಯ ಇತಿಹಾಸಕಾರರು ಮರೆಮಾಚಿಲ್ಲವೆಂಬುದು ಸ್ಮರಣೀಯ.

ಮರಾಠಿ ಸಂಗೀತ ನಾಟಕದ ಪ್ರವರ್ತಕರಾದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, 1843ರಲ್ಲಿಯೇ. 1880ರ ಅಕ್ಟೋಬರ್ 31ರಂದು ಪುಣೆಯಲ್ಲಿ ಅವರ ‘ಸಂಗೀತ ಶಾಕುಂತಲ’ ಆರಂಭವಾಯಿತು. ಅದಕ್ಕೆ ಪ್ರೇರಣೆ ಪಾರ್ಸಿ ಕಂಪನಿಯ ‘ಇಂದ್ರಸಭಾ’. ಪದಗಳ ಚಾಲುಗಳಾದರೋ ಕೀರ್ತನ, ಲಾವಣಿ, ಸಾಕಿ, ದಿಂಡಿಗಳವು, ಮತ್ತು ಅವರ ಕಿವಿಯಲ್ಲಿ ಬಾಲ್ಯದಿಂದ ನೆಲೆಸಿದ್ದ ಕನ್ನಡ ಪದಗಳವು. ಇಷ್ಟೆಲ್ಲ ಎರವಲು ತಂದು ಕಟ್ಟಿದ್ದನ್ನು ಯಾರೂ ಕಳವೆನ್ನಲಿಲ್ಲ. ಈಚೆ ಕಡೆಯಲ್ಲಿ ಮರಾಠಿ ಮಂಡಳಿಗಳ ಅಬ್ಬರದಿಂದ ಉತ್ತರ ಕರ್ನಾಟಕದಲ್ಲಿ ಕನ್ನಡ ನಾಟಕಕ್ಕೆ ನೆಲೆಯಿಲ್ಲದಂತಾದುದನ್ನು ಕಂಡು ನೊಂದ ಶಾಂತಕವಿಗಳು, ಅಂದರೆ ಸಕ್ಕರಿ ಬಾಳಾಚಾರ್ಯರು, 1870ರ ದಶಕದಲ್ಲಿ ಗದಗಿನಲ್ಲಿ ಕನ್ನಡ ಮಂಡಳಿಯನ್ನು ಕಟ್ಟಿದರು. ಮುಂದೆ ಬಾಲಗಂಧರ್ವರ ಪದಗಳ ಕಾಲ ಬಂದಿತು. ಅವರ ಚಾಲುಗಳು ಹುಬ್ಬಳ್ಳಿ, ಧಾರವಾಡ, ಗದಗುಗಳ ಕಂಪನಿಗಳಲ್ಲಿ ಕನ್ನಡದ ಮಾತು ತೊಟ್ಟು ಮೆರೆದವು. ಕುಂದಗೋಳದ ರಾಮಭಾವು ಮರಾಠಿ ರಂಗದ ಮೇಲೆ ಸವಾಯಿ ಗಂಧರ್ವರಾದರು. ಹೋದದ್ದು ತಿರುಗಿ ಬಂದಿತು, ಬಡ್ಡಿ ಸಮೇತವಾಗಿ.

ಕರ್ನಾಟಕ ಸಂಗೀತದಲ್ಲಿಯೂ ಇದು ನಡೆದಿದೆ. ಮುತ್ತುಸ್ವಾಮಿ ದೀಕ್ಷಿತರಂಥ ಮಹನೀಯರು ಕುಂಪಣಿಯ ಬ್ಯಾಂಡಿನವರು ನುಡಿಸುತ್ತಿದ್ದ ಯುರೋಪಿನ ಧಾಟಿಗಳಿಗೆ ಸಂಸ್ಕೃತದ ಮಾತುಗಳನ್ನು ಜೋಡಿಸಿದರು. ‘ನೋಟ್ಟುಸ್ವರ’ ಎಂಬ ಅವುಗಳ ಹೆಸರೇ ಮೂಲವನ್ನು ಹೇಳುತ್ತದೆ.

ಧಾಟಿಯನ್ನು ತೆಗೆದುಕೊಳ್ಳುವುದು ಒಂದು ಬಗೆ; ಇನ್ನೊಬ್ಬನ ಶೈಲಿಯನ್ನೇ ತನ್ನದಾಗಿಸಿಕೊಳ್ಳುವುದು ಇನ್ನೊಂದು. ಇದನ್ನು ನಾಗಪುರದವರಿಗೆ ವಿವರಿಸಬೇಕಾದ ಅಗತ್ಯವೇ ಇಲ್ಲ. ಸಿವಿಲ್ ಲೈನ್ಸ್‌ನಲ್ಲಿರುವ ಸಭಾಗೃಹಕ್ಕೆ ಯಾರ ಹೆಸರನ್ನಿಟ್ಟಿದ್ದಾರೋ ಆ ಡಾಕ್ಟರ್ ವಸಂತರಾವ್ ದೇಶಪಾಂಡೆಯವರ ಮಹತ್ತಿಗೆ ಸಾಕ್ಷಿಯಾದ ‘ಕಟ್ಯಾರ್ ಕಾಳಜಾತ್ ಘುಸಲೀ’ ನಾಟಕದ ವಸ್ತುವೇ ಇದು. ನಾಟಕಕಾರ ಪುರುಷೋತ್ತಮ ದಾರವ್ಹೇಕರರೂ ನಾಗಪುರದವರೇ. ಸಂಗೀತ ಜಿತೇಂದ್ರ ಅಭಿಷೇಕಿಯವರದು. ಮೊದಲ ಪ್ರಯೋಗ 1967ರಲ್ಲಿ. ಎದುರು ಪರಂಪರೆಯ ಶಿಷ್ಯ ಸದಾಶಿವನು ಖಾನ್‌ಸಾಹೇಬರ ಗಾಯಕಿಯ ಮೋಹಕ್ಕೆ ಸಿಕ್ಕಿ, ಅವರ ಹವೇಲಿಯಲ್ಲಿ ಆಳಿನ ವೇಷದಲ್ಲಿದ್ದುಕೊಂಡು ಅದನ್ನು ಕದ್ದು ಕೇಳುತ್ತಾನೆ. ಗೊತ್ತಾದಾಗ ಖಾನ್‌ಸಾಹೇಬರ ಕೈ ಕಠಾರಿಗೆ ಹೋಗುತ್ತದೆ. ಕೇಳಿ ಕಲಿತದ್ದು ಕಳವಾದೀತೇ, ಕಂಠದಲ್ಲಿ ನೆಲೆಸಿದ್ದನ್ನು ಮರಳಿ ಕೇಳಬಹುದೇ ಎಂಬ ಪ್ರಶ್ನೆಗಳು ಇಡೀ ನಾಟಕವನ್ನು ನಡೆಸುತ್ತವೆ. ಖಾನ್‌ಸಾಹೇಬರ ಪಾತ್ರವನ್ನು ಧರಿಸಿದ ದೇಶಪಾಂಡೆಯವರೇ ನಿಜಜೀವನದಲ್ಲಿ ಒಂದು ಘರಾಣೆಗೆ ಕಟ್ಟುಬಿದ್ದವರಲ್ಲ. ನಾಗಪುರದ ಶಂಕರರಾವ್ ಸಪ್ರೆಯವರಿಂದ ಮೊದಲ್ಗೊಂಡು ಹಲವು ಗುರುಗಳಲ್ಲಿ ಕಲಿತವರು, ದೀನಾನಾಥ ಮಂಗೇಶ್ಕರರ ಗಾಯನವನ್ನು ಆದರ್ಶವಾಗಿ ಇಟ್ಟುಕೊಂಡವರು. ಬಹುಕಾಲ ಅವರು ರಕ್ಷಣಾ ಇಲಾಖೆಯ ಲೆಕ್ಕಪತ್ರ ಕಚೇರಿಯಲ್ಲಿ ಗುಮಾಸ್ತರಾಗಿದ್ದರೆಂಬ ಸಂಗತಿಯು ನನ್ನಂಥವರಿಗೆ ಸಣ್ಣ ಸಂತೋಷವನ್ನು ಕೊಡುತ್ತದೆ.

ಶೈಲಿಯ ಋಣಕ್ಕೆ ನಮ್ಮ ಗಾಯಕರು ಕಂಡುಕೊಂಡ ದಾಖಲೆ ಬಲು ಸುಂದರವಾದುದು. ಗುರುವಿನ ಹೆಸರನ್ನು ಉಚ್ಚರಿಸುವಾಗ ಅವರು ಕೈಯನ್ನು ಕಿವಿಗೆ ಮುಟ್ಟಿಸುತ್ತಾರೆ. ಹಿಪ್‌ಹಾಪ್ ಗಾಯಕರೂ ಹಾಡಿನ ನಡುವೆ ಹಿರಿಯ ಕಲಾವಿದರ ಹೆಸರುಗಳನ್ನು ಕೂಗಿ ಹೇಳುವ ರೂಢಿಯನ್ನು ಇಟ್ಟುಕೊಂಡಿದ್ದಾರೆ. ಅದೇ ಸಮಾಜದಲ್ಲಿ ಇನ್ನೊಬ್ಬನ ರ‍್ಯಾಪ್ ಸಾಲುಗಳನ್ನು, ಉಚ್ಚಾರದ ವರಸೆಯನ್ನು ಅನುಕರಿಸುವವನನ್ನು ‘ಕಚ್ಚುವವನು’ ಎಂಬ ಅರ್ಥದ ಮಾತಿನಿಂದ ಹೀಯಾಳಿಸುತ್ತಾರೆ. ಗಮನಿಸಬೇಕಾದ ಸೂಕ್ಷ್ಮವಿದು: ಹಳೆಯ ಪ್ಲೇಟಿನ ನಾದವನ್ನು ತೆಗೆದುಕೊಂಡರೆ ಜಾಣ್ಮೆ, ಸಮಕಾಲೀನನ ಮಾತಿನ ಓಟವನ್ನು ತೆಗೆದುಕೊಂಡರೆ ಅವಮಾನ. ಕಾನೂನಿನ ದೃಷ್ಟಿ ಬಹುಮಟ್ಟಿಗೆ ಇದಕ್ಕೆ ವಿರುದ್ಧವಾದುದು. ನಾದದ ತುಣುಕಿಗೆ ಒಡೆಯನುಂಟು, ಬರಿಯ ಶೈಲಿಗೆ ಒಡೆಯನಿಲ್ಲ. ಆದರೂ 2013ರ ‘ಬ್ಲರ್ಡ್ ಲೈನ್ಸ್’ ಎಂಬ ಹಾಡು ಮಾರ್ವಿನ್ ಗೇ ಎಂಬ ಗತಕಾಲದ ಗಾಯಕನ ಹಾಡನ್ನು ಹೋಲುತ್ತದೆಂದು ಅಮೆರಿಕದ ಜ್ಯೂರಿಯೊಂದು 2015ರಲ್ಲಿ ತೀರ್ಮಾನಿಸಿ, ಕೊನೆಗೆ ಸುಮಾರು 53 ಲಕ್ಷ ಡಾಲರುಗಳ ದಂಡ ಬಿದ್ದಿತು. ಅಲ್ಲಿ ಒಂದು ತುಣುಕನ್ನೂ ಕತ್ತರಿಸಿ ತೆಗೆದಿರಲಿಲ್ಲ. ಆ ತೀರ್ಪು ನನಗೆ ಸರಿಯೆನಿಸುವುದಿಲ್ಲ. ಕಿರಾಣಾ ಘರಾಣೆಯ ಶಿಷ್ಯರೆಲ್ಲರ ಮೇಲೆ ಅಬ್ದುಲ್ ಕರೀಂ ಖಾನರ ವಾರಸುದಾರರು ದಾವೆ ಹೂಡುವುದನ್ನು ಊಹಿಸಿಕೊಳ್ಳಿರಿ! ಖಾನ್‌ಸಾಹೇಬರಾದರೂ ತಮ್ಮ ಸರಿಗಮಗಳ ಬೆಡಗಿಗೆ ಕರ್ನಾಟಕ ಸಂಗೀತಕ್ಕೆ ಋಣಿಯಾಗಿದ್ದವರೇ.

ನಾಗಪುರದ ಇನ್ನೊಂದು ಎರವಲನ್ನು ಹೇಳದೆ ಮುಂದೆ ಹೋಗಲಾರೆ. 1956ರ ಅಕ್ಟೋಬರ್ 14ರಂದು ಡಾಕ್ಟರ್ ಅಂಬೇಡ್ಕರರು ಲಕ್ಷಾಂತರ ಅನುಯಾಯಿಗಳೊಂದಿಗೆ ಬೌದ್ಧಧರ್ಮವನ್ನು ಸ್ವೀಕರಿಸಿದ ದೀಕ್ಷಾಭೂಮಿಯಲ್ಲಿ ಪ್ರತಿವರ್ಷ ಜನಸಾಗರವೇ ಸೇರುತ್ತದೆ. ಪುಸ್ತಕದ ಮಳಿಗೆಗಳ ನಡುವಿನಿಂದ ಕೇಳಿಬರುವ ಭೀಮಗೀತೆಗಳಲ್ಲಿ ಕವಾಲಿಯ ವರಸೆಯವು, ಜನಪ್ರಿಯ ಚಲನಚಿತ್ರಗೀತೆಗಳ ಧಾಟಿಯವು ಎಷ್ಟೋ ಇವೆ. ಮಾಸ್ತರನಿಟ್ಟು ರಾಗ ಕಲಿಯುವ ಅವಕಾಶವಿಲ್ಲದವರು ಜನರ ನಾಲಗೆಯ ಮೇಲಿದ್ದ ಧಾಟಿಗೆ ತಮ್ಮ ಮಾತನ್ನು ಕೂಡಿಸಿದರು. ಹಾಡು ಒಂದೇ ಸಂಜೆಯಲ್ಲಿ ವಸತಿಯಿಂದ ವಸತಿಗೆ ಹಬ್ಬುತ್ತಿತ್ತು. ವಾಮನದಾದಾ ಕರ್ಡಕರಂಥ ಲೋಕಕವಿಗಳನ್ನು ಕೊಟ್ಟ ಪರಂಪರೆ ಇದು. ಬ್ರಾಂಕ್ಸ್‌ನ ಹುಡುಗರು ಮಾಡಿದ್ದಕ್ಕೂ ಇದಕ್ಕೂ ಬಂಧುತ್ವವಿದೆಯೆಂದು ನನಗನ್ನಿಸುತ್ತದೆ. ಸಿರಿವಂತನ ಹಾಡನ್ನು ಬಡವನು ಎರವಲು ತರುವುದೂ, ಬಡ ಡ್ರಮ್ ವಾದಕನ ಪೆಟ್ಟಿನಿಂದ ಕಂಪನಿಯು ಕೋಟಿ ಗಳಿಸುವುದೂ ಒಂದೇ ತಕ್ಕಡಿಯಲ್ಲಿ ತೂಗತಕ್ಕವಲ್ಲ.

ಕನ್ನಡನಾಡಿನ ಇತ್ತೀಚಿನ ಸಂಗತಿಗಳಲ್ಲಿ ಎರಡನ್ನು ಮಾತ್ರ ಹೇಳುತ್ತೇನೆ. ಬೆಂಗಳೂರಿನ ಬ್ರೋಧಾ ವಿ ಎಂಬ ರ‍್ಯಾಪ್ ಗಾಯಕನು 2012ರ ತನ್ನ ‘ಆತ್ಮರಾಮ’ ಎಂಬ ಹಾಡಿನಲ್ಲಿ ಮನೆಮನೆಗಳಲ್ಲಿ ಕೇಳಿಬರುವ ರಾಮಭಜನೆಯನ್ನು ಇಂಗ್ಲಿಷ್ ರ‍್ಯಾಪ್‌ನೊಂದಿಗೆ ಹೆಣೆದನು. ಭಜನೆ ಎಲ್ಲರದಾದ್ದರಿಂದ ದಾವೆಯ ಪ್ರಶ್ನೆ ಬರಲಿಲ್ಲ. 2022ರ ‘ಕಾಂತಾರ’ ಚಿತ್ರದ ‘ವರಾಹ ರೂಪಂ’ ಹಾಡಿನ ವಿಷಯದಲ್ಲಿ ಬಂದಿತು. ಕೇರಳದ ತೈಕ್ಕುಡಂ ಬ್ರಿಜ್ ತಂಡವು ಅದು ತಮ್ಮ 2017ರ ‘ನವರಸಂ’ ಹಾಡಿನ ಅನುಕರಣವೆಂದು ನ್ಯಾಯಾಲಯದ ಮೆಟ್ಟಿಲೇರಿತು. ಚಿತ್ರದವರು ಅದನ್ನು ಅಲ್ಲಗಳೆದರು. ಆ ವರ್ಷದ ನವೆಂಬರಿನಲ್ಲಿ ಚಿತ್ರವು ಅಂತರಜಾಲದ ಮೂಲಕ ಮನೆಗಳಿಗೆ ಬಂದಾಗ ಮೊದಲಿಗೆ ಆ ಹಾಡು ಬೇರೆ ಧಾಟಿಯಲ್ಲಿತ್ತು. ಬಳಿಕ ಹಿಂದಿನ ರೂಪವೇ ಮರಳಿತು. ದೈವದ ದೃಶ್ಯಕ್ಕೆ ಕಾತರದಿಂದ ಕುಳಿತಿದ್ದ ನಮ್ಮ ಮನೆಯವರು ‘ಇದೇನು ಬೇರೆ ಹಾಡು’ ಎಂದು ದಿಗ್ಭ್ರಮೆಗೊಂಡದ್ದು ನೆನಪಿದೆ.

ನಮ್ಮ ದೇಶದ ಕಾನೂನು ಏನನ್ನುತ್ತದೆಂಬುದನ್ನು ಮಕ್ಕಳುಳ್ಳ ಓದುಗರು ತಿಳಿದಿರುವುದು ಒಳಿತು. 1957ರ ಕೃತಿಸ್ವಾಮ್ಯ ಅಧಿನಿಯಮದಲ್ಲಿ ಒಂದು ಹಾಡಿನೊಳಗೆ ಹಲವು ಹಕ್ಕುಗಳಿವೆ. ಮಾತು ಮತ್ತು ಧಾಟಿಯ ಹಕ್ಕು ರಚನಕಾರನ ಜೀವಿತಾವಧಿ ಹಾಗೂ ಅದರ ಮೇಲೆ 60 ವರ್ಷ. ಧ್ವನಿಮುದ್ರಣದ ಹಕ್ಕು ಪ್ರಕಟಣೆಯ ಅನಂತರ 60 ವರ್ಷ. ಹಾಡಿದವರಿಗೆ ಪ್ರದರ್ಶಕರ ಹಕ್ಕು 50 ವರ್ಷ. ಐದು ವರ್ಷ ಕಳೆದ ಹಾಡನ್ನು ಹೊಸದಾಗಿ ಹಾಡಿ ಮುದ್ರಿಸುವುದಕ್ಕೆ ಪೂರ್ವಸೂಚನೆ ಮತ್ತು ರಾಯಧನ ಕೊಟ್ಟು ಅವಕಾಶ ಪಡೆಯಬಹುದು. ಆದರೆ ಹಳೆಯ ಮುದ್ರಣದ ತುಣುಕನ್ನೇ ಎತ್ತಿಕೊಳ್ಳಲು ಒಡೆಯನ ಅನುಮತಿ ಬೇಕು. ಇಷ್ಟು ಸೆಕೆಂಡುಗಳವರೆಗೆ ಬಳಸಿದರೆ ತಪ್ಪಿಲ್ಲವೆಂದು ಹುಡುಗರು ನಂಬಿರುವಂಥ ರಿಯಾಯಿತಿ ಅಧಿನಿಯಮದಲ್ಲಿ ಎಲ್ಲಿಯೂ ಇಲ್ಲ. ಜನಪದ ಗೀತೆಗೆ ಕರ್ತೃ ಗೊತ್ತಿಲ್ಲದ ಕಾರಣ ಮೂಲ ಹಾಡಿಗೆ ಒಡೆಯನಿಲ್ಲ. ಅದನ್ನು ಹಾಡಿದ ಕಂಠಕ್ಕೆ ಉಂಟು. ಆ ಲೆಕ್ಕದಲ್ಲಿ ನನ್ನ ಮಗನು ತನ್ನ ಅಜ್ಜಿಯ ಒಪ್ಪಿಗೆಯನ್ನು ಕೇಳಬೇಕಾಗಿತ್ತು, ಕೇಳಿರಲಿಲ್ಲ.

ಆ ರಾತ್ರಿಯ ಸಂಗತಿಗೆ ಮರಳುತ್ತೇನೆ. ದನಿಯನ್ನು ಕತ್ತರಿಸಿದ್ದಕ್ಕೋ, ಡ್ರಮ್ಮಿನ ಸದ್ದಿಗೋ ತಾಯಿಯವರು ಮುನಿದಿದ್ದಾರೆಂದು ನಾನು ಎಣಿಸಿದ್ದೆ. ಮನೆಗೆ ಬಂದು ಕುಳಿತ ಮೇಲೆ ಅವರು ಮೊಮ್ಮಗನನ್ನು ಕರೆದು, “ಚಲೋ ಮಾಡೀಯೋ ಯಪ್ಪಾ. ಆದರ ಎಲ್ಲಾರೂ ಅದು ನನ್ನ ಹಾಡು ಅಂತ ತಿಳಕೊಂಡ್ರು. ಅದು ನನ್ನದಲ್ಲ, ನಮ್ಮ ದೊಡ್ಡವ್ವಂದು. ಆಕಿ ಬೀಸಿಕೋತ ಕಲಿಸಿದ್ದು. ಆಕಿ ಹೆಸರು ಯಾಕ ಹೇಳಲಿಲ್ಲ?” ಎಂದರು. ಹುಡುಗನು ಪೆಚ್ಚಾದನು. ದೊಡ್ಡವ್ವನೆಂಬವಳೊಬ್ಬಳು ಇದ್ದಳೆಂಬುದೇ ಅವನಿಗೆ ತಿಳಿದಿರಲಿಲ್ಲ. ಎಳವೆಯಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿ, ಐವತ್ತು ವರ್ಷ ಆ ಮನೆಯ ಜೋಳವನ್ನು ಬೀಸಿ, ಒಂದು ಭಾವಚಿತ್ರವೂ ಉಳಿಯದಂತೆ ತೀರಿಕೊಂಡ ಹೆಂಗಸು ಆಕೆ. ಅಂದು ರಾತ್ರಿ ಹನ್ನೊಂದರವರೆಗೆ ನನ್ನ ತಾಯಿ ಆಕೆಯ ವಿಚಾರವಾಗಿ ಹೇಳಿದರು. ನಾನೂ ಅದರಲ್ಲಿ ಬಹುಪಾಲನ್ನು ಮೊದಲ ಬಾರಿಗೆ ಕೇಳಿದೆ. ಆ ಪದದ ಮುಂದಿನ ಏಳು ನುಡಿಗಳೂ ಆಗ ಹೊರಬಂದವು. ಮಗನು ಈ ಸಲ ಅನುಮತಿ ಕೇಳಿ ಅವನ್ನು ಮುದ್ರಿಸಿಕೊಂಡನು.

ಹಾಡನ್ನು ಮಗನು ಮತ್ತೆ ಸಿದ್ಧಪಡಿಸಿದ್ದಾನೆ. ಅಂತರಜಾಲಕ್ಕೆ ಏರಿಸುವ ಮೊದಲು ನನ್ನ ಮುಂದೆ ಹಿಡಿದ ವಿವರಪತ್ರದಲ್ಲಿ ಮಾತು ತನ್ನದೆಂದು, ಕಂಠ ಅಜ್ಜಿಯದೆಂದು, ಮಟ್ಟು ಅಜ್ಜಿಯ ದೊಡ್ಡವ್ವ ಕಲಿಸಿದ್ದೆಂದು ಆಕೆಯ ಹೆಸರು ಮತ್ತು ಹಳ್ಳಿಯೊಡನೆ ಬರೆದಿದ್ದನು. ಬ್ಯಾಂಕಿನವನ ಅಭ್ಯಾಸದಂತೆ, “ಡ್ರಮ್ಮು ಯಾರದು?” ಎಂದು ಕೇಳಿದೆ. ಹಣ ಕೊಟ್ಟು ಕೊಂಡ ಸಿದ್ಧ ಸಂಗ್ರಹದ್ದೆಂದು ರಸೀದಿ ತೋರಿಸಿದನು. ಬಾರಿಸಿದವನ ಹೆಸರು ಸಂಗ್ರಹದಲ್ಲಿ ಎಲ್ಲಿಯೂ ಇರಲಿಲ್ಲ. ಹೆಸರು ತಿಳಿಯದ ಜಮೆಯನ್ನು ನಾವು ಅನಾಮತ್ತು ಖಾತೆಯಲ್ಲಿ ಇಡುತ್ತೇವೆ. ಹಾಗೆಯೇ ‘ಡ್ರಮ್:’ ಎಂದು ಬರೆದು ಮುಂದೆ ಜಾಗ ಬಿಡು ಎಂದು ಹೇಳಿದೆ. ಬಿಟ್ಟಿದ್ದಾನೆ.